ಭಾರತ್ ಸ್ಟೇಜ್: ದೇಶದ ವಾಹನ ಹೊಗೆ ಮಾನದಂಡಗಳು

ಮೋಟಾರು ವಾಹನದ ಎಂಜಿನ್ ಹೊರಬಿಡುವ ಹೊಗೆಯಲ್ಲಿ ಯಾವ ವಿಷವಸ್ತು ಎಷ್ಟರ ಮಟ್ಟಿಗೆ ಇರಬಹುದೆಂದು ಭಾರತ ಸರ್ಕಾರ ಗೊತ್ತುಪಡಿಸಿರುವ ಮಿತಿಗಳ ಸರಣಿಗೆ ಭಾರತ್ ಸ್ಟೇಜ್ ಎಂದು ಹೆಸರು. ಜನರ ಬಾಯಲ್ಲಿ ಇದು ಬಿಎಸ್. ಯುರೋಪಿನ ಯೂರೊ ಮಾನದಂಡಗಳನ್ನು ಆಧಾರವಾಗಿಟ್ಟುಕೊಂಡ ಈ ಸರಣಿಯ ಮೊದಲ ಹಂತ 2000ದ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂತು. ಈಗ ಚಾಲ್ತಿಯಲ್ಲಿರುವ ಬಿಎಸ್–6 ಹಂತ 2020ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಈ ಇಪ್ಪತ್ತು ವರ್ಷಗಳಲ್ಲಿ ಡೀಸೆಲ್ ಕಾರೊಂದು ಪ್ರತಿ ಕಿಲೋಮೀಟರಿಗೆ ಹೊರಬಿಡಬಹುದಾದ ಮಸಿಕಣಗಳ ಮಿತಿ 140 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿದಿದೆ.

ಹೊಗೆಯ ಮಾನದಂಡ ಫಲ ಕೊಡಬೇಕಾದರೆ ಎಂಜಿನ್, ಇಂಧನ ಮತ್ತು ತಪಾಸಣೆ ಮೂರೂ ಜೊತೆಯಾಗಿ ಸಾಗಬೇಕು. ಇವುಗಳಲ್ಲಿ ಒಂದು ಹಿಂದೆ ಬಿದ್ದಾಗಲೆಲ್ಲ ಉಳಿದೆರಡಕ್ಕೆ ಹಾಕಿದ ಹಣ ಮತ್ತು ಶ್ರಮ ಪೂರ್ತಿ ಕೈಗೂಡಲಿಲ್ಲ. ಭಾರತದ ಅನುಭವದಿಂದ ಕಲಿಯಬೇಕಾದ ಮುಖ್ಯ ಪಾಠ ಇದು.

ಹೊಗೆಯಲ್ಲಿರುವ ವಸ್ತುಗಳು

ಮಾನದಂಡಗಳು ಮುಖ್ಯವಾಗಿ ನಾಲ್ಕು ವಸ್ತುಗಳಿಗೆ ಮಿತಿ ಹಾಕುತ್ತವೆ. ಇಂಧನ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಸಾಗಣೆಯನ್ನು ತಡೆಯುತ್ತದೆ. ಉರಿಯದೆ ಹಾಗೆಯೇ ಹೊರಬರುವ ಇಂಧನದ ಅಂಶವೇ ಹೈಡ್ರೊಕಾರ್ಬನ್. ಎಂಜಿನ್ನಿನ ಒಳಗಿನ ಬಿಸಿಯಲ್ಲಿ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸನಾಳವನ್ನು ಕೆರಳಿಸುತ್ತವೆ. ಹೈಡ್ರೊಕಾರ್ಬನ್ನಿನೊಂದಿಗೆ ಬಿಸಿಲಿಗೆ ಒಡ್ಡಿಕೊಂಡಾಗ ನೆಲಮಟ್ಟದ ಓಜೋನನ್ನು ಹುಟ್ಟಿಸುತ್ತವೆ. ನಾಲ್ಕನೆಯದು ಮಸಿಕಣ. ಡೀಸೆಲ್ ಎಂಜಿನ್ನಿನ ಕಣಗಳು ಎಷ್ಟು ಸಣ್ಣವೆಂದರೆ ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈ ಹೊಗೆ ಹೊರಬರುವುದು ಜನ ಉಸಿರಾಡುವ ಎತ್ತರದಲ್ಲೇ. ಸಿಗ್ನಲ್ಲಿನಲ್ಲಿ ನಿಂತ ಸಂಚಾರ ಪೊಲೀಸರು, ಫುಟ್‌ಪಾತಿನ ವ್ಯಾಪಾರಿಗಳು, ಆಟೊ ಚಾಲಕರು ಮತ್ತು ಶಾಲೆಗೆ ನಡೆದು ಹೋಗುವ ಮಕ್ಕಳು ಎಲ್ಲರಿಗಿಂತ ಹೆಚ್ಚು ಬೆಲೆ ತೆರುತ್ತಾರೆ. ಆದ್ದರಿಂದ ಹೊಗೆಯ ಮಾನದಂಡವನ್ನು ಮೊದಲು ಸಾರ್ವಜನಿಕ ಆರೋಗ್ಯದ ಕಾನೂನೆಂದೇ ಓದಬೇಕು.

ಕಾನೂನಿನ ಮೊದಲ ಹೆಜ್ಜೆಗಳು

1981ರ ವಾಯುಮಾಲಿನ್ಯ ನಿಯಂತ್ರಣ ಕಾಯ್ದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆ ಮಾಲಿನ್ಯ ನಿಯಂತ್ರಣಕ್ಕೆ ಕಾನೂನಿನ ತಳಹದಿ ಹಾಕಿದವು. ವಾಹನಗಳಿಗೆ ನೇರವಾಗಿ ಅನ್ವಯಿಸಿದ್ದು 1988ರ ಮೋಟಾರು ವಾಹನ ಕಾಯ್ದೆ ಹಾಗೂ ಅದರಡಿ ರೂಪಿಸಿದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಈ ನಿಯಮಗಳ 115ನೆಯ ನಿಯಮವೇ ಇಂದಿಗೂ ಹೊಗೆಯ ಮಿತಿಗಳಿಗೆ ಆಧಾರ.

ಮೊದಲ ಮಿತಿಗಳು ಸರಳವಾಗಿದ್ದವು. ವಾಹನ ನಿಂತಲ್ಲೇ ಎಂಜಿನ್ ಓಡಿಸಿ ಪೆಟ್ರೋಲ್ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡನ್ನು ಅಳೆಯುತ್ತಿದ್ದರು. ನಾಲ್ಕು ಚಕ್ರದ ವಾಹನಗಳಿಗೆ ಶೇ 3, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಶೇ 4.5ರ ಮಿತಿಯಿತ್ತು. ಡೀಸೆಲ್ ವಾಹನಗಳಲ್ಲಿ ಹೊಗೆಯ ದಟ್ಟಣೆಯನ್ನು ನೋಡುತ್ತಿದ್ದರು. ಓಡುವ ವಾಹನ ಎಷ್ಟು ವಿಷ ಉಗುಳುತ್ತದೆ ಎಂಬುದು ಇದರಿಂದ ತಿಳಿಯುತ್ತಿರಲಿಲ್ಲ. ಹೀಗಾಗಿ ಪ್ರತಿ ಕಿಲೋಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದ ಮಿತಿಗಳು ಪೆಟ್ರೋಲ್ ವಾಹನಗಳಿಗೆ 1991ರಲ್ಲೂ ಡೀಸೆಲ್ ವಾಹನಗಳಿಗೆ 1992ರಲ್ಲೂ ಬಂದವು. 1996ರಲ್ಲಿ ಇವು ಇನ್ನಷ್ಟು ಬಿಗಿಯಾದವು.

ಆಗ ಹೊರಗಿನ ದೇಶಗಳು ಬಹಳ ಮುಂದೆ ಇದ್ದವು. ಲಾಸ್ ಏಂಜಲಿಸ್ ನಗರವನ್ನು ಕಾಡಿದ ಹೊಗೆಮಂಜಿಗೆ ವಾಹನದ ಹೊಗೆಯೇ ಮೂಲವೆಂದು 1950ರ ದಶಕದ ಆರಂಭದಲ್ಲೇ ವಿಜ್ಞಾನಿ ಏರಿ ಹಾಗೆನ್–ಸ್ಮಿಟ್ ತೋರಿಸಿಕೊಟ್ಟಿದ್ದರು. ಅಮೆರಿಕದ 1970ರ ಶುದ್ಧ ವಾಯು ಕಾಯ್ದೆಯ ಫಲವಾಗಿ 1975ರ ಕಾರುಗಳಿಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತ್ತು. ಯುರೋಪ್ 1992ರಲ್ಲಿ ಯೂರೊ–1 ಜಾರಿಗೊಳಿಸಿತು.

ಪೆಟ್ರೋಲಿನಿಂದ ಸೀಸ ಹೊರಟ ಬಗೆ

ಎಂಜಿನ್ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ರೂಢಿ ಜಗತ್ತಿನೆಲ್ಲೆಡೆ ಇತ್ತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಕ್ಯಾಟಲಿಟಿಕ್ ಕನ್ವರ್ಟರಿನೊಳಗಿನ ಪ್ಲಾಟಿನಂ, ಪೆಲೇಡಿಯಂ ಲೇಪವನ್ನೂ ಅದು ನಿಷ್ಕ್ರಿಯಗೊಳಿಸುತ್ತದೆ. 1994ರಲ್ಲಿ ನಾಲ್ಕು ಮಹಾನಗರಗಳಿಗೆ ಕಡಿಮೆ ಸೀಸದ ಪೆಟ್ರೋಲ್ ಬಂತು. 1995ರ ಏಪ್ರಿಲ್‌ನಿಂದ ಅಲ್ಲಿನ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಅವುಗಳಿಗಾಗಿ ಸೀಸರಹಿತ ಪೆಟ್ರೋಲನ್ನೂ ಒದಗಿಸಲಾಯಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗತೊಡಗಿತು.

ಈ ಬದಲಾವಣೆಯಲ್ಲಿ ಬೆಂಗಳೂರಿಗೂ ಪಾತ್ರವಿದೆ. ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿದ ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಈ ಫಲಿತಾಂಶವನ್ನು ದೇಶದ ಮುಂದಿಟ್ಟಿತು.

ನ್ಯಾಯಾಲಯದ ಪಾತ್ರ

ಹೊಗೆ ನಿಯಂತ್ರಣದ ಗಡುವುಗಳನ್ನು ನಿಜವಾಗಿ ಬಿಗಿಗೊಳಿಸಿದ್ದು ಸುಪ್ರೀಂ ಕೋರ್ಟ್. ದೆಹಲಿಯ ಗಾಳಿಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸಲ್ಲಿಸಿದ ಅರ್ಜಿ ದಶಕಗಟ್ಟಲೆ ವಿಚಾರಣೆಯಲ್ಲಿದ್ದು, ಆದೇಶಗಳ ಸಾಲನ್ನೇ ಹುಟ್ಟಿಸಿತು. ವಿಜ್ಞಾನ ಮತ್ತು ಪರಿಸರ ಕೇಂದ್ರ 1996ರಲ್ಲಿ ಪ್ರಕಟಿಸಿದ ‘ಸ್ಲೋ ಮರ್ಡರ್’ ಗ್ರಂಥ ವಾಹನ, ಇಂಧನ ಮತ್ತು ಆಡಳಿತದ ವೈಫಲ್ಯಗಳನ್ನು ಒಟ್ಟಿಗೆ ಇಟ್ಟು ತೋರಿಸಿತು. 1998ರ ಜನವರಿಯಲ್ಲಿ ಭೂರೇಲಾಲ್ ಅಧ್ಯಕ್ಷತೆಯಲ್ಲಿ ಪರಿಸರ ಮಾಲಿನ್ಯ ನಿಯಂತ್ರಣ ಪ್ರಾಧಿಕಾರ ರಚನೆಯಾಯಿತು. ಅದೇ ವರ್ಷದ ಜುಲೈ 28ರಂದು ದೆಹಲಿಯ ಬಸ್ಸುಗಳೆಲ್ಲ ಸಂಪೀಡಿತ ನೈಸರ್ಗಿಕ ಅನಿಲಕ್ಕೆ (ಸಿಎನ್‌ಜಿ) ಬದಲಾಗಬೇಕೆಂದು ಕೋರ್ಟ್ ಆದೇಶಿಸಿತು. ತೀವ್ರ ವಿರೋಧ, ಅನಿಲದ ಕೊರತೆ ಮತ್ತು ಉದ್ದನೆಯ ಸಾಲುಗಳ ನಡುವೆಯೂ 2002ರ ಅಂತ್ಯದ ಹೊತ್ತಿಗೆ ಅದು ನೆರವೇರಿತು.

1999ರ ಏಪ್ರಿಲ್ 29ರ ಆದೇಶ ಮಾನದಂಡಗಳ ಚರಿತ್ರೆಯಲ್ಲಿ ಮೈಲಿಗಲ್ಲು. ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಖಾಸಗಿ ವಾಹನಗಳ ನೋಂದಣಿಗೆ 1999ರ ಜೂನ್ 1ರಿಂದ ಯೂರೊ–1, 2000ದ ಏಪ್ರಿಲ್ 1ರಿಂದ ಯೂರೊ–2 ಮಟ್ಟ ಕಡ್ಡಾಯವೆಂದು ಅದು ವಿಧಿಸಿತು. ದೇಶದ ಉಳಿದೆಡೆ 2000ದ ಏಪ್ರಿಲ್‌ನಿಂದ ಯೂರೊ–1ಕ್ಕೆ ಸಮನಾದ ‘ಇಂಡಿಯಾ 2000’ ಮಾನದಂಡ ಜಾರಿಯಾಯಿತು.

ಮಾಶೇಲ್ಕರ್ ಸಮಿತಿ ಮತ್ತು ಎರಡು ವೇಗದ ದೇಶ

ಆದೇಶದಿಂದ ಆದೇಶಕ್ಕೆ ಸಾಗುವ ಬದಲು ಮುಂದಿನ ದಾರಿಯನ್ನು ಮೊದಲೇ ಗೊತ್ತುಮಾಡಲು ಕೇಂದ್ರ ಸರ್ಕಾರ 2001ರ ಸೆಪ್ಟೆಂಬರ್‌ನಲ್ಲಿ ವಿಜ್ಞಾನಿ ಆರ್.ಎ. ಮಾಶೇಲ್ಕರ್ ನೇತೃತ್ವದ ಸಮಿತಿಯನ್ನು ನೇಮಿಸಿತು. 2002ರಲ್ಲಿ ವರದಿ ಬಂತು. 2003ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ವಾಹನ ಇಂಧನ ನೀತಿ ಪ್ರಕಟವಾಯಿತು. ವಾಹನದ ಮಿತಿ ಮತ್ತು ಇಂಧನದ ಗುಣಮಟ್ಟ ಒಂದೇ ದಿನ ಬದಲಾಗಬೇಕೆಂಬ ತತ್ತ್ವವನ್ನು ಈ ನೀತಿ ನೆಲೆಗೊಳಿಸಿತು. ಆದರೆ ತೈಲ ಶುದ್ಧೀಕರಣ ಘಟಕಗಳಿಗೆ ಕಾಲಾವಕಾಶ ಬೇಕೆಂಬ ಕಾರಣಕ್ಕೆ ಮೊದಲು ದೊಡ್ಡ ನಗರಗಳು, ಅನಂತರ ಉಳಿದ ದೇಶ ಎಂಬ ಕ್ರಮವನ್ನು ಒಪ್ಪಿತು. ನಾಲ್ಕು ಚಕ್ರದ ವಾಹನಗಳಿಗೆ ಹಂತಗಳು ಹೀಗೆ ಬಂದವು:

ಇಂಡಿಯಾ 2000: ದೇಶದಾದ್ಯಂತ 2000.
ಬಿಎಸ್–2: ದೆಹಲಿಯಲ್ಲಿ 2000, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ 2001, ಬೆಂಗಳೂರು ಸೇರಿ ಇತರ ದೊಡ್ಡ ನಗರಗಳಲ್ಲಿ 2003, ದೇಶದಾದ್ಯಂತ 2005.
ಬಿಎಸ್–3: ಆಯ್ದ ನಗರಗಳಲ್ಲಿ 2005, ದೇಶದಾದ್ಯಂತ 2010.
ಬಿಎಸ್–4: ಆಯ್ದ ನಗರಗಳಲ್ಲಿ 2010, ದೇಶದಾದ್ಯಂತ 2017.
ಬಿಎಸ್–6: ದೇಶದಾದ್ಯಂತ 2020.

ಬಿಎಸ್–4 ಎಲ್ಲೆಡೆ ಕಡ್ಡಾಯವಾಗಲು ಏಳು ವರ್ಷ ಹಿಡಿಯಿತು. ಈ ಅಂತರದ ದುಷ್ಪರಿಣಾಮ ಮುಖ್ಯವಾಗಿ ಲಾರಿಗಳಲ್ಲಿ ಕಂಡಿತು. ಲಾರಿ ಒಂದೇ ಊರಿನಲ್ಲಿ ಓಡುವ ವಾಹನವಲ್ಲ. ನಗರದಲ್ಲಿ ಒಳ್ಳೆಯ ಡೀಸೆಲ್ ಸಿಕ್ಕರೂ ಹೆದ್ದಾರಿಯ ಬಂಕಿನಲ್ಲಿ ಹೆಚ್ಚು ಗಂಧಕದ ಡೀಸೆಲ್ಲೇ ಸಿಗುತ್ತಿತ್ತು. ಅದನ್ನು ತುಂಬಿಸಿದರೆ ಬಿಎಸ್–4 ಎಂಜಿನ್ನಿನ ಶುದ್ಧೀಕರಣ ವ್ಯವಸ್ಥೆ ಕೆಡುತ್ತಿತ್ತು. ಹೀಗಾಗಿ ಲಾರಿಗಳು ಬಹುಪಾಲು ಹಳೆಯ ಮಟ್ಟದಲ್ಲೇ ಉಳಿದವು; ಮಿತಿ ಬಿಗಿಯಾಗಿದ್ದ ನಗರಗಳೊಳಗೇ ಹಾದುಹೋದವು. ಅರ್ಧ ದೇಶಕ್ಕೆ ಮಾತ್ರ ಕೊಟ್ಟ ಮಾನದಂಡ ಆ ಅರ್ಧಕ್ಕೂ ಪೂರ್ತಿ ದಕ್ಕಲಿಲ್ಲ.

ಗಂಧಕದ ಲೆಕ್ಕ

ಕಚ್ಚಾತೈಲದಲ್ಲಿ ಸಹಜವಾಗಿಯೇ ಗಂಧಕ ಇರುತ್ತದೆ. ಅದು ಉರಿದು ಸಲ್ಫೇಟ್ ಕಣಗಳಾಗುವುದಲ್ಲದೆ ಹೊಗೆ ಶುದ್ಧಗೊಳಿಸುವ ಲೋಹದ ಲೇಪಗಳನ್ನೂ ಮುಚ್ಚಿಹಾಕುತ್ತದೆ. 1990ರ ದಶಕದ ಆರಂಭದಲ್ಲಿ ಭಾರತದ ಡೀಸೆಲ್‌ನಲ್ಲಿ ಶೇ 1ರವರೆಗೆ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 10,000 ಭಾಗದಷ್ಟು ಗಂಧಕಕ್ಕೆ ಅವಕಾಶವಿತ್ತು. ಬಿಎಸ್–2ರಲ್ಲಿ ಇದು 500ಕ್ಕೆ, ಬಿಎಸ್–3ರಲ್ಲಿ 350ಕ್ಕೆ, ಬಿಎಸ್–4ರಲ್ಲಿ 50ಕ್ಕೆ, ಬಿಎಸ್–6ರಲ್ಲಿ 10ಕ್ಕೆ ಇಳಿಯಿತು. ಮಸಿಯನ್ನು ಹಿಡಿದಿಡುವ ಸೋಸುಕವನ್ನೂ ಸಾರಜನಕದ ಆಕ್ಸೈಡುಗಳನ್ನು ಒಡೆಯುವ ಉಪಕರಣವನ್ನೂ ಡೀಸೆಲ್ ವಾಹನಕ್ಕೆ ನೆಮ್ಮದಿಯಿಂದ ಅಳವಡಿಸಲು ಸಾಧ್ಯವಾದದ್ದು ಈ ಇಳಿಕೆಯಿಂದ.

ಗಂಧಕ ತೆಗೆಯಲು ತೈಲವನ್ನು ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಜಲಜನಕದೊಂದಿಗೆ ಹಾಯಿಸಬೇಕು. ಇದಕ್ಕೆ ಹೊಸ ಘಟಕಗಳು ಬೇಕು. ಬಿಎಸ್–6 ಇಂಧನಕ್ಕಾಗಿ ಸಾರ್ವಜನಿಕ ವಲಯದ ತೈಲ ಕಂಪನಿಗಳು ಸುಮಾರು 35,000 ಕೋಟಿ ರೂಪಾಯಿ ವೆಚ್ಚ ಮಾಡಿದವು. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕವೂ ಈ ಬದಲಾವಣೆಗೆ ಒಳಗಾಯಿತು. ಹೊಸ ಇಂಧನದ ಲಾಭ ಹೊಸ ವಾಹನಗಳಿಗಷ್ಟೇ ಸೀಮಿತವಲ್ಲ. ಹಳೆಯ ಲಾರಿಗೆ ತುಂಬಿಸಿದರೂ ಅದರ ಹೊಗೆಯಲ್ಲಿ ಸಲ್ಫೇಟ್ ಅಂಶ ಕುಗ್ಗುತ್ತದೆ.

ಬಿಎಸ್–3 ದಾಸ್ತಾನಿನ ಪ್ರಕರಣ

2017ರ ಏಪ್ರಿಲ್ 1ರಂದು ಬಿಎಸ್–4 ದೇಶದಾದ್ಯಂತ ಕಡ್ಡಾಯವಾಗುವುದಿತ್ತು. ಗಡುವಿಗೆ ಮುಂಚೆ ತಯಾರಾದ ವಾಹನಗಳನ್ನು ಅನಂತರ ಮಾರಬಹುದೇ ಎಂಬುದು ಪ್ರಶ್ನೆ. ಗಡುವು ತಯಾರಿಕೆಗೆ ಮಾತ್ರ ಅನ್ವಯಿಸುತ್ತದೆ ಎಂದು ಕಂಪನಿಗಳು ವಾದಿಸಿದವು; ಹಿಂದಿನ ಹಂತಗಳಲ್ಲಿ ಹಾಗೆಯೇ ನಡೆದಿತ್ತು. ಆಗ ಉಳಿದಿದ್ದ ಬಿಎಸ್–3 ವಾಹನಗಳು ಸುಮಾರು 8.24 ಲಕ್ಷ, ಅವುಗಳಲ್ಲಿ ಸುಮಾರು 6.71 ಲಕ್ಷ ದ್ವಿಚಕ್ರ ವಾಹನಗಳು. ಮಾರ್ಚ್ 29ರಂದು ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತ ಅವರ ಪೀಠ ಏಪ್ರಿಲ್ 1ರಿಂದ ಇವುಗಳ ಮಾರಾಟ ಹಾಗೂ ನೋಂದಣಿಯನ್ನು ನಿಷೇಧಿಸಿತು. ಕಂಪನಿಗಳ ವ್ಯಾಪಾರಿ ಹಿತಕ್ಕಿಂತ ಕೋಟ್ಯಂತರ ಜನರ ಆರೋಗ್ಯ ದೊಡ್ಡದು ಎಂಬುದು ತೀರ್ಪಿನ ತಿರುಳು. ಮುಂದಿನ ಎರಡು ದಿನ ದೇಶದ ಷೋರೂಮುಗಳಲ್ಲಿ ಭಾರಿ ರಿಯಾಯಿತಿಯ ಮಾರಾಟ ನಡೆಯಿತು.

2018ರ ಅಕ್ಟೋಬರ್ 24ರಂದು ಕೋರ್ಟ್ ಬಿಎಸ್–4ಕ್ಕೂ ಇದೇ ನಿಯಮ ಹಾಕಿ, 2020ರ ಮಾರ್ಚ್ 31ರ ಅನಂತರ ಮಾರಾಟವಿಲ್ಲವೆಂದು ಸಾರಿತು. ಆ ಗಡುವು ಕೋವಿಡ್ ಲಾಕ್‌ಡೌನ್ ನಡುವೆ ಬಂದಾಗ ಸೀಮಿತ ಮಾರಾಟಕ್ಕೆ ಕೊಟ್ಟಿದ್ದ ಅವಕಾಶವನ್ನು, ಅದು ದುರುಪಯೋಗವಾದದ್ದು ಕಂಡು, ಜುಲೈನಲ್ಲಿ ಹಿಂತೆಗೆದುಕೊಂಡಿತು. ಹೊಸ ಹಂತಕ್ಕೆ ದಿನ ಗೊತ್ತಾದರೆ ಅದು ಮಾರಾಟಕ್ಕೂ ಅನ್ವಯಿಸುತ್ತದೆ ಎಂಬುದು ಈ ಆದೇಶಗಳಿಂದ ಖಚಿತವಾಯಿತು.

ಬಿಎಸ್–5 ಬಿಟ್ಟು ಬಿಎಸ್–6ಕ್ಕೆ

ಇಂಧನ ನೀತಿಯ ಮುಂದಿನ ಹಂತಗಳನ್ನು ಗೊತ್ತುಮಾಡಲು ನೇಮಕವಾದ ಸೌಮಿತ್ರ ಚೌಧುರಿ ಸಮಿತಿ 2014ರಲ್ಲಿ ಸಲ್ಲಿಸಿದ ವರದಿ ಬಿಎಸ್–5ಕ್ಕೆ 2020, ಬಿಎಸ್–6ಕ್ಕೆ 2024 ಎಂಬ ಕಾಲಸೂಚಿಯನ್ನು ಸೂಚಿಸಿತ್ತು. ದೆಹಲಿಯ ಗಾಳಿ ವಿಷಮಿಸುತ್ತಿದ್ದಾಗ ಈ ವೇಗ ಸಾಲದೆಂಬ ಒತ್ತಾಯ ಬಲವಾಯಿತು. 2016ರ ಜನವರಿ 6ರಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಐದನೆಯ ಹಂತವನ್ನು ಕೈಬಿಟ್ಟು 2020ರಲ್ಲೇ ಬಿಎಸ್–6 ತರುವುದಾಗಿ ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಬಂತು. ದೆಹಲಿಗೆ ಬಿಎಸ್–6 ಇಂಧನ 2018ರ ಏಪ್ರಿಲ್‌ನಲ್ಲೇ ತಲುಪಿತು. ಹಳ್ಳಿ, ನಗರವೆಂಬ ಭೇದವಿಲ್ಲದೆ 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ ಒಂದೇ ಗುಣಮಟ್ಟದ ಇಂಧನ ಎಂಬುದು ಈ ಹಂತದ ದೊಡ್ಡ ಸಾಧನೆ. ಎರಡು ವೇಗದ ದೇಶ ಅಲ್ಲಿಗೆ ಮುಗಿಯಿತು.

ಡೀಸೆಲ್ ಕಾರುಗಳಲ್ಲಿ ಸಾರಜನಕದ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ, ಮಸಿಕಣದ ಮಿತಿ 25ರಿಂದ 4.5ಕ್ಕೆ ಇಳಿಯಿತು. ಕಣಗಳ ತೂಕದ ಜೊತೆಗೆ ಅವುಗಳ ಸಂಖ್ಯೆಗೂ ಮೊದಲ ಬಾರಿಗೆ ಮಿತಿ ಬಂತು, ಏಕೆಂದರೆ ಅತಿ ಸಣ್ಣ ಕಣಗಳು ತೂಕದಲ್ಲಿ ನಗಣ್ಯವಾದರೂ ದೇಹಕ್ಕೆ ಹೆಚ್ಚು ಅಪಾಯಕಾರಿ. ಲಾರಿ, ಬಸ್ಸುಗಳಲ್ಲಿ ಸಾರಜನಕದ ಆಕ್ಸೈಡುಗಳ ಮಿತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂನಿಂದ 0.4 ಗ್ರಾಂಗೆ ಇಳಿಯಿತು. ಇದನ್ನು ಮುಟ್ಟಲು ಹೊಗೆಯ ಹಾದಿಯಲ್ಲಿ ಯೂರಿಯಾ ದ್ರಾವಣವನ್ನು ಸಿಂಪಡಿಸಿ, ಆಕ್ಸೈಡುಗಳನ್ನು ಸಾರಜನಕ ಮತ್ತು ನೀರಾವಿಯಾಗಿ ಒಡೆಯುವ ವ್ಯವಸ್ಥೆ ವ್ಯಾಪಕವಾಯಿತು. ಆಡ್‌ಬ್ಲೂ ಹೆಸರಿನಲ್ಲಿ ಸಿಗುವ ಈ ದ್ರಾವಣದಲ್ಲಿ ಯೂರಿಯಾ ಶೇ 32.5ರಷ್ಟಿರುತ್ತದೆ.

ವೆಚ್ಚ ಹೆಚ್ಚಿತು, ಮಾರುಕಟ್ಟೆಯೂ ಬದಲಾಯಿತು. ಸಣ್ಣ ಡೀಸೆಲ್ ಕಾರಿಗೆ ಈ ಉಪಕರಣಗಳ ಬೆಲೆ ಹೊರೆಯಾಗಿ, ಮಾರುತಿ ಸುಝುಕಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ದ್ವಿಚಕ್ರ, ತ್ರಿಚಕ್ರ ವಾಹನಗಳು

ಭಾರತದ ರಸ್ತೆಗಳಲ್ಲಿ ಬಹುಸಂಖ್ಯೆಯಲ್ಲಿರುವುದು ದ್ವಿಚಕ್ರ ವಾಹನ. ಹಿಂದೆ ಇವುಗಳಲ್ಲಿ ಟೂ ಸ್ಟ್ರೋಕ್ ಎಂಜಿನ್‌ಗಳದೇ ಪ್ರಾಬಲ್ಯ. ರಚನೆ ಸರಳ, ಬೆಲೆ ಕಡಿಮೆ, ಎಳೆತ ಜೋರು. ಆದರೆ ಪೆಟ್ರೋಲಿನ ಒಂದು ಪಾಲು ಉರಿಯದೆ ಸೈಲೆನ್ಸರಿನಿಂದ ಹೊರಬೀಳುತ್ತಿತ್ತು, ಜೊತೆಗೆ ಬೆರೆಸಿದ ಎಣ್ಣೆಯ ಹೊಗೆಯೂ. ಮಿತಿಗಳು 1996 ಮತ್ತು 2000ದಲ್ಲಿ ಬಿಗಿಯಾದಂತೆ ಕಂಪನಿಗಳು ಫೋರ್ ಸ್ಟ್ರೋಕ್ ಎಂಜಿನ್ನಿಗೆ ಸರಿದವು. ಕರ್ನಾಟಕದ ಯುವಕರ ಅಚ್ಚುಮೆಚ್ಚಿನ ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲಿ ನಿಂತಿತು. ಜಾವಾ, ಯೆಜ್ದಿ ಬೈಕುಗಳನ್ನು ಕೊಟ್ಟ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದೂ ಅದೇ ವರ್ಷ.

ದ್ವಿಚಕ್ರ ವಾಹನಗಳ ಮಾನದಂಡ ನಗರಕ್ಕೊಂದು ಹಳ್ಳಿಗೊಂದು ಎಂದಾಗದೆ ದೇಶದಾದ್ಯಂತ ಒಟ್ಟಿಗೆ ಜಾರಿಯಾಗುತ್ತ ಬಂತು. ಬಿಎಸ್–6ರಲ್ಲಿ ಹೈಡ್ರೊಕಾರ್ಬನ್ನಿಗೂ ಸಾರಜನಕದ ಆಕ್ಸೈಡುಗಳಿಗೂ ಬೇರೆಬೇರೆ ಬಿಗಿ ಮಿತಿ ಬಂದು, ಕಾರ್ಬುರೇಟರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ಬಂತು. ಗ್ಯಾರೇಜಿನ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ಜೊತೆಗೆ ಸ್ಕ್ಯಾನರ್ ಬಳಸುವುದನ್ನೂ ಕಲಿಯಬೇಕಾಯಿತು.

ಕರ್ನಾಟಕದ ಅನುಭವ

ಬೆಂಗಳೂರು ಆಯ್ದ ನಗರಗಳ ಪಟ್ಟಿಯಲ್ಲಿದ್ದುದರಿಂದ ಬಿಎಸ್–2ರಿಂದ ಬಿಎಸ್–4ರವರೆಗಿನ ಹಂತಗಳನ್ನು ರಾಜ್ಯದ ಇತರ ಊರುಗಳಿಗಿಂತ ಮುಂಚೆ ಕಂಡಿತು. ನಗರದ ಟೂ ಸ್ಟ್ರೋಕ್ ಆಟೊಗಳ ಜಾಗವನ್ನು ಕ್ರಮೇಣ ಎಲ್‌ಪಿಜಿ ಬಳಸುವ ಫೋರ್ ಸ್ಟ್ರೋಕ್ ಆಟೊಗಳು ತುಂಬಿದವು. ತಾಂತ್ರಿಕ ಬದಲಾವಣೆಯಲ್ಲೂ ಈ ನಗರಕ್ಕೆ ಪಾಲಿದೆ. 1951ರಲ್ಲಿ ಸ್ಥಾಪನೆಯಾದ ಇಲ್ಲಿನ ಮೈಕೊ ಕಂಪನಿ, ಅಂದರೆ ಇಂದಿನ ಬಾಷ್, ದೇಶದ ಡೀಸೆಲ್ ಎಂಜಿನ್‌ಗಳಿಗೆ ಇಂಧನ ಚಿಮ್ಮಿಸುವ ಪಂಪುಗಳನ್ನು ಒದಗಿಸುತ್ತ ಬಂದಿದೆ. ಇಂಧನ ಎಷ್ಟು ನುಣುಪಾಗಿ, ಯಾವ ಕ್ಷಣಕ್ಕೆ ಸಿಲಿಂಡರಿನೊಳಗೆ ಚಿಮ್ಮುತ್ತದೆ ಎಂಬುದರ ಮೇಲೆ ಹೊಗೆಯ ಗುಣ ನಿಂತಿರುವುದರಿಂದ ಮಾನದಂಡ ಬಿಗಿಯಾದಂತೆ ಈ ಕಸುಬೂ ಸೂಕ್ಷ್ಮವಾಯಿತು.

ಪ್ರಯೋಗಾಲಯದಿಂದ ರಸ್ತೆಗೆ

ಹೊಸ ಮಾದರಿಯ ವಾಹನ ಮಾರುಕಟ್ಟೆಗೆ ಬರುವ ಮುನ್ನ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮೊದಲಾದ ಮಾನ್ಯತೆ ಪಡೆದ ಸಂಸ್ಥೆಗಳಿಂದ ಪ್ರಮಾಣಪತ್ರ ಪಡೆಯಬೇಕು. ರೋಲರಿನ ಮೇಲೆ ಗೊತ್ತಾದ ಕ್ರಮದಲ್ಲಿ ವಾಹನವನ್ನು ಓಡಿಸಿ ಹೊಗೆಯನ್ನು ಸಂಗ್ರಹಿಸಿ ಅಳೆಯುತ್ತಾರೆ. ಆದರೆ ಗೊತ್ತಾದ ಕ್ರಮಕ್ಕೆ ತಕ್ಕಂತೆ ಎಂಜಿನ್ನನ್ನು ಹೊಂದಿಸಿ, ರಸ್ತೆಯಲ್ಲಿ ಬೇರೆ ರೀತಿ ಓಡಿಸಲು ಸಾಧ್ಯವೆಂಬುದನ್ನು 2015ರ ಫೋಕ್ಸ್‌ವ್ಯಾಗನ್ ಹಗರಣ ಜಗತ್ತಿಗೆ ತೋರಿಸಿತು. ಭಾರತದಲ್ಲೂ ಆ ಸಮೂಹದ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಅದಕ್ಕೂ ಮುಂಚೆ, 2013ರಲ್ಲಿ, ಹೊಗೆಯ ಮಾನದಂಡದ ಕಾರಣಕ್ಕೆ ಜನರಲ್ ಮೋಟಾರ್ಸ್ 1.14 ಲಕ್ಷ ತವೇರಾ ವಾಹನಗಳನ್ನು ವಾಪಸ್ ಕರೆದಿತ್ತು. 2019ರ ಕಾಯ್ದೆ ತಿದ್ದುಪಡಿ ದೋಷವುಳ್ಳ ವಾಹನಗಳನ್ನು ವಾಪಸ್ ಕರೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 2023ರ ಏಪ್ರಿಲ್‌ನಿಂದ ಬಿಎಸ್–6ರ ಎರಡನೆಯ ಘಟ್ಟದಲ್ಲಿ, ಸಾಗಿಸಬಲ್ಲ ಉಪಕರಣವನ್ನು ಕಾರಿಗೇ ಅಳವಡಿಸಿ ನಿಜವಾದ ರಸ್ತೆಯಲ್ಲಿ ಹೊಗೆ ಅಳೆಯುವ ಪರೀಕ್ಷೆಯೂ ಮಿತಿಗೆ ಸೇರಿತು.

ಹಿಂದುಳಿದ ಕೊಂಡಿ: ಓಡುತ್ತಿರುವ ವಾಹನಗಳ ತಪಾಸಣೆ

ಷೋರೂಮಿನಿಂದ ಹೊರಬಿದ್ದ ಮೇಲೆ ವಾಹನದ ಹೊಗೆಗೆ ಉಳಿಯುವ ಕಾವಲು ಎಂದರೆ ಪಿಯುಸಿ ಪ್ರಮಾಣಪತ್ರ, ಕನ್ನಡಿಗರ ರೂಢಿಯ ಮಾತಿನಲ್ಲಿ ಎಮಿಷನ್ ಟೆಸ್ಟ್. ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿ ವಾಹನಕ್ಕೂ ಇದು ಬೇಕು. ಪಿಯುಸಿ ಇಲ್ಲದ ವಾಹನದ ವಿಮೆ ನವೀಕರಿಸಬಾರದೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು; 2024ರಲ್ಲಿ ಆ ಷರತ್ತನ್ನು ಕೈಬಿಟ್ಟಿತು.

ಆದರೆ ಈ ತಪಾಸಣೆ ಇಂದಿಗೂ ಮೂಲತಃ 1989ರ ಕಾಲದ್ದೇ. ನಿಂತ ಪೆಟ್ರೋಲ್ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್, ಡೀಸೆಲ್ ವಾಹನದಲ್ಲಿ ಹೊಗೆಯ ದಟ್ಟಣೆ ಇಷ್ಟನ್ನೇ ಅದು ನೋಡುತ್ತದೆ. ಬಿಎಸ್–6ರ ಮುಖ್ಯ ಗುರಿಗಳಾದ ಸಾರಜನಕದ ಆಕ್ಸೈಡುಗಳನ್ನೂ ಅತಿ ಸಣ್ಣ ಕಣಗಳನ್ನೂ ಅಳೆಯುವುದಿಲ್ಲ. ಲಾರಿಯ ಸೋಸುಕವನ್ನು ಕಿತ್ತುಹಾಕಿದರೆ, ಯೂರಿಯಾ ದ್ರಾವಣದ ವ್ಯವಸ್ಥೆಯನ್ನು ವಂಚಿಸಿದರೆ ಈ ಪರೀಕ್ಷೆ ಅದನ್ನು ಹಿಡಿಯುವ ಭರವಸೆಯಿಲ್ಲ. ಸಾವಿರಾರು ಕೋಟಿ ಖರ್ಚು ಮಾಡಿ ಇಂಧನ ಶುದ್ಧಗೊಳಿಸಿ, ಎಂಜಿನ್ ಬದಲಿಸಿದ ದೇಶ ತಪಾಸಣೆಯನ್ನು ಹಳೆಯ ಮಟ್ಟದಲ್ಲೇ ಬಿಟ್ಟಿರುವುದು ಗಂಭೀರ ಲೋಪ. ರಸ್ತೆ ಬದಿಯಿಂದಲೇ ಕಿರಣ ಹಾಯಿಸಿ ಹಾದುಹೋಗುವ ವಾಹನದ ಹೊಗೆಯನ್ನು ಅಳೆಯುವ ದೂರಸಂವೇದಿ ವಿಧಾನ, ಯಂತ್ರಚಾಲಿತ ತಪಾಸಣಾ ಕೇಂದ್ರಗಳು ಮತ್ತು ವಾಹನದ ಸ್ವಂತ ಎಚ್ಚರಿಕೆ ವ್ಯವಸ್ಥೆಯ ದಾಖಲೆಯನ್ನು ಓದುವ ಕ್ರಮ ಇದಕ್ಕೆ ಇರುವ ಪರಿಹಾರಗಳು.

ಮುಂದಿನ ಪ್ರಶ್ನೆಗಳು

ಭಾರತ್ ಸ್ಟೇಜ್ ಇಂಗಾಲದ ಡೈಆಕ್ಸೈಡಿಗೆ ಮಿತಿ ಹಾಕುವುದಿಲ್ಲ. ಅದಕ್ಕಾಗಿ ಕಾರು ಕಂಪನಿಯ ಒಟ್ಟು ಮಾರಾಟದ ಸರಾಸರಿ ಇಂಧನ ದಕ್ಷತೆಯ ನಿಯಮ 2017ರಿಂದ ಪ್ರತ್ಯೇಕವಾಗಿ ಜಾರಿಯಲ್ಲಿದೆ. ಟ್ರ್ಯಾಕ್ಟರ್ ಮತ್ತು ನಿರ್ಮಾಣ ಯಂತ್ರಗಳಿಗೂ ಬೇರೆಯೇ ಮಾನದಂಡಗಳಿವೆ. ಯುರೋಪಿನ ಯೂರೊ–7 ಬ್ರೇಕ್ ಮತ್ತು ಟೈರ್ ಸವೆದು ಹುಟ್ಟುವ ಕಣಗಳನ್ನೂ ಲೆಕ್ಕಕ್ಕೆ ತಂದಿದೆ. ವಿದ್ಯುತ್ ವಾಹನಗಳು ಹೆಚ್ಚಿದರೂ ಈ ಕಣಗಳ ಸಮಸ್ಯೆ ಉಳಿಯುವುದರಿಂದ ಭಾರತವೂ ಈ ದಿಕ್ಕಿನಲ್ಲಿ ಯೋಚಿಸಬೇಕಾಗುತ್ತದೆ. ಆದರೆ ಹೊಸ ಹಂತವನ್ನು ಘೋಷಿಸುವುದಕ್ಕೆ ಮೊದಲು, ಇಂದು ಬಿಎಸ್–6 ಎಂದು ಮಾರಾಟವಾದ ವಾಹನ ಹತ್ತು ವರ್ಷದ ಅನಂತರವೂ ಅದೇ ಮಿತಿಯೊಳಗೆ ಓಡುವಂತೆ ನೋಡಿಕೊಳ್ಳುವ ತಪಾಸಣೆಯನ್ನು ಕಟ್ಟುವುದು ಈ ಮಾನದಂಡಗಳ ಇತಿಹಾಸ ನಮ್ಮ ಮುಂದಿಟ್ಟಿರುವ ಮೊದಲ ಕೆಲಸ.